ಎಲ್ಲಿ ನಿಲ್ಲಬೇಕೆಂದು ನಾನು ಕೇಳಲೇ ಇಲ್ಲ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ. ಅಲ್ಲಿ ನಾನು ಹಣಕಾಸು ವಿಭಾಗದ ವ್ಯವಸ್ಥಾಪಕನಾಗಿದ್ದೆ. 2023ರಲ್ಲಿ ಅಲ್ಲಿನ ಬಿಲ್ ಪಾವತಿಯ ಕೆಲಸವನ್ನು ಸಾಫ್ಟ್‌ವೇರ್ ರೋಬೋಟ್‌ಗೆ ಒಪ್ಪಿಸುವ ಯೋಜನೆಯನ್ನು ಮುಂದೆ ನಿಂತು ನಡೆಸಿದವನು ನಾನೇ. ಒಂದು ಹಣಕಾಸು ವರ್ಷ ಮುಗಿಯುವಷ್ಟರಲ್ಲಿ ಆ ಯೋಜನೆ ಕಂಪನಿಗೆ ನಷ್ಟ ತಂದಿತ್ತು. ಹಬ್ಬದ ಹೊತ್ತಿಗೆ ಕೈಸೇರಬೇಕಿದ್ದ ಹಣ ಸಣ್ಣ ಶೆಡ್‌ಗಳ ಮಾಲೀಕರಿಗೆ ಸಿಕ್ಕಿರಲಿಲ್ಲ. ಯಾವ ತಪ್ಪನ್ನೂ ಮಾಡದ ಹಿರಿಯ ಸಹೋದ್ಯೋಗಿಯೊಬ್ಬರು ವಿಚಾರಣೆ ಎದುರಿಸಬೇಕಾಗಿ ಬಂತು. ಇದೇ ಕೆಲಸಕ್ಕೆ ಕೈಹಾಕುತ್ತಿರುವವರು ಇಂದು ಸಾವಿರಾರು ಮಂದಿ ಇದ್ದಾರೆ. ಅವರಿಗೆ ಉಪಯೋಗವಾದೀತೆಂದು, ನಡೆದದ್ದನ್ನು ನಡೆದಂತೆಯೇ ಹೇಳುತ್ತಿದ್ದೇನೆ.

ರೋಬೋಟಿಕ್ ಪ್ರೋಸೆಸ್ ಆಟೊಮೇಷನ್, ಚಿಕ್ಕದಾಗಿ ಆರ್‌ಪಿಎ, ಎನ್ನುವುದು ಕಂಪ್ಯೂಟರ್ ಪರದೆಯ ಮುಂದೆ ಕೂತ ಗುಮಾಸ್ತ ಮಾಡುವುದನ್ನೇ ಮಾಡುವ ತಂತ್ರಾಂಶ. ಇಮೇಲ್ ತೆರೆಯುತ್ತದೆ, ಜೊತೆಗಿರುವ ಕಡತವನ್ನು ಇಳಿಸಿಕೊಳ್ಳುತ್ತದೆ, ಅದರಲ್ಲಿನ ಅಂಕಿಗಳನ್ನು ಓದುತ್ತದೆ, ಇನ್ನೊಂದು ತಂತ್ರಾಂಶಕ್ಕೆ ಲಾಗಿನ್ ಆಗಿ ಆ ಅಂಕಿಗಳನ್ನು ತುಂಬಿ ಬಟನ್ ಒತ್ತುತ್ತದೆ. ಇಂಥ ಒಂದೊಂದು ತಂತ್ರಾಂಶವನ್ನೂ ಕಚೇರಿಗಳಲ್ಲಿ ‘ಬಾಟ್’ ಎನ್ನುತ್ತಾರೆ. ಹಳೆಯ ತಂತ್ರಾಂಶವನ್ನು ಬದಲಿಸುವ ಗೋಜಿಲ್ಲದೆ ಅದರ ಮೇಲೆಯೇ ಇದನ್ನು ಕೂರಿಸಬಹುದು ಎನ್ನುವುದೇ ಇದರ ದೊಡ್ಡ ಆಕರ್ಷಣೆ. ಬ್ರಿಟನ್ನಿನ ಬ್ಲೂ ಪ್ರಿಸಂ 2001ರಲ್ಲಿ, ರೊಮೇನಿಯಾದ ಬುಕಾರೆಸ್ಟ್‌ನ ಯುಐಪಾಥ್ 2005ರಲ್ಲಿ ಶುರುವಾದವು. ಮೊದಲೆಲ್ಲ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳಿಗೆ ಮಾತ್ರ ಎಟಕುತ್ತಿದ್ದ ಈ ತಂತ್ರ, 2021ರಲ್ಲಿ ಮೈಕ್ರೋಸಾಫ್ಟ್ ತನ್ನ ಡೆಸ್ಕ್‌ಟಾಪ್ ಸಾಧನವನ್ನು ವಿಂಡೋಸ್ 10 ಬಳಕೆದಾರರಿಗೆ ಉಚಿತವಾಗಿ ಕೊಟ್ಟ ಮೇಲೆ ಸಣ್ಣ ಕಾರ್ಖಾನೆಗಳ ಮೇಜಿಗೂ ಬಂತು. ನಮ್ಮಲ್ಲಿ ಬಳಸಿದ ಸಾಧನದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಅದಕ್ಕೆ ನಾನು ಒಪ್ಪಿಸಿದ ಕೆಲಸದಲ್ಲಿ, ಒಪ್ಪಿಸಿದ ರೀತಿಯಲ್ಲಿ.

ಕಾರ್ಖಾನೆಯೊಂದಕ್ಕೆ ಬಿಲ್ ಬಂದರೆ ಅದನ್ನು ಮೂರು ಕಾಗದಗಳ ನಡುವೆ ತಾಳೆ ನೋಡಬೇಕು. ಪರ್ಚೇಸ್ ವಿಭಾಗ ಕೊಟ್ಟ ಆರ್ಡರ್, ಅಂದರೆ ಪಿಒ. ಮಾಲು ಇಳಿಸಿಕೊಂಡ ಮೇಲೆ ಸ್ಟೋರ್ಸ್‌ನವರು ಹಾಕುವ ರಶೀದಿ, ಅಂದರೆ ಜಿಆರ್‌ಎನ್. ಮತ್ತು ವೆಂಡರ್ ಕಳಿಸಿದ ಬಿಲ್. ಮೂರರಲ್ಲೂ ಮಾಲು, ಸಂಖ್ಯೆ, ದರ ಒಂದೇ ಇದ್ದರೆ ಬಿಲ್ ಎಂಟ್ರಿಯಾಗಿ ಪಾವತಿಯ ಪಟ್ಟಿಗೆ ಸೇರುತ್ತದೆ. ಹೇಳುವುದಕ್ಕೆ ಇದು ಇಷ್ಟೇ. ನಮ್ಮಲ್ಲಿ ಈ ಕೆಲಸ ನೋಡಿಕೊಳ್ಳುತ್ತಿದ್ದವರು ಬಹಳ ವರ್ಷಗಳಿಂದ ಅದೇ ಕುರ್ಚಿಯಲ್ಲಿದ್ದ ಒಬ್ಬ ಹಿರಿಯ ಅಕೌಂಟೆಂಟ್. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಅವರ ಕೈಕೆಳಗೆ ಇಬ್ಬರು ಹುಡುಗರಿದ್ದರು. ತಿಂಗಳ ಕೊನೆಯಲ್ಲಿ ಬಿಲ್‌ಗಳ ರಾಶಿ ಬೀಳುತ್ತಿತ್ತು, ಮೂವರೂ ರಾತ್ರಿಯವರೆಗೆ ಕೂರುತ್ತಿದ್ದರು.

ಯೋಜನೆ ಶುರುವಾದಾಗ ನಾನೂ ಬಾಟ್ ಬರೆಯುವ ಎಂಜಿನಿಯರೂ ಮೇಡಂ ಪಕ್ಕ ಒಂದು ಮಧ್ಯಾಹ್ನ ಕೂತೆವು. “ನೀವು ಹೇಗೆ ಮಾಡ್ತೀರ, ತೋರಿಸಿ” ಎಂದೆವು. ಅವರು ಅಚ್ಚುಕಟ್ಟಾದ ಕೆಲವು ಬಿಲ್‌ಗಳನ್ನು ಆರಿಸಿಕೊಂಡು ಎಂಟ್ರಿ ಮಾಡಿ ತೋರಿಸಿದರು. ನಾವು ಪರದೆಯನ್ನು ರೆಕಾರ್ಡ್ ಮಾಡಿಕೊಂಡೆವು. ಕಂಪನಿಯ ಗುಣಮಟ್ಟ ಕೈಪಿಡಿಯಲ್ಲಿ ಈ ಕೆಲಸದ ಹಂತಗಳ ಪಟ್ಟಿಯೂ ಇತ್ತು. ರೆಕಾರ್ಡಿಂಗ್‌ಗೂ ಪಟ್ಟಿಗೂ ಹೊಂದಾಣಿಕೆಯಾದದ್ದು ನೋಡಿ, ಕೆಲಸ ಪೂರ್ತಿ ಅರ್ಥವಾಯಿತೆಂದು ನಾನು ನಿಶ್ಚಿಂತನಾದೆ. ಆಮೇಲೆ ಅವರೊಂದಿಗೆ ಮತ್ತೆ ಕೂರಲಿಲ್ಲ.

ಬಾಟ್ ಸಿದ್ಧವಾಗುವಾಗ ನಾನು ತೆಗೆದುಕೊಂಡ ಮೂರು ನಿರ್ಧಾರಗಳನ್ನು ಇಲ್ಲಿ ಬಿಡಿಸಿ ಹೇಳಬೇಕು. ಮುಂದಿನ ಎಲ್ಲ ತೊಂದರೆಗಳೂ ಬಂದದ್ದು ಇವುಗಳಿಂದಲೇ.

ಮೊದಲನೆಯದು: ಬಿಲ್ ಓದಲಾಗದಿದ್ದರೆ, ತಾಳೆಯಾಗದಿದ್ದರೆ, ಅದನ್ನು ಒಂದು ಫೋಲ್ಡರ್‌ಗೆ ಹಾಕಿ ಮುಂದಿನ ಬಿಲ್‌ಗೆ ಹೋಗು ಎಂಬ ಆದೇಶ. ರಾತ್ರಿ ಬಾಟ್ ನಿಂತುಬಿಟ್ಟರೆ ಬೆಳಗಿನ ಲೆಕ್ಕ ಕಡಿಮೆಯಾಗುತ್ತದೆ ಎನ್ನುವ ಆತಂಕ ನನಗಿತ್ತು. ಆ ಫೋಲ್ಡರನ್ನು ದಿನವೂ ಯಾರು ತೆರೆಯಬೇಕು ಎಂಬುದನ್ನು ನಾನು ಬರೆದಿಡಲಿಲ್ಲ.

ಎರಡನೆಯದು: ಬಾಟ್‌ಗೆ ಬೇರೆ ಯೂಸರ್ ಐಡಿ ಕೊಡಲಿಲ್ಲ. ಎಂಟ್ರಿಗಳೆಲ್ಲ ಹೋಗುವ ನಮ್ಮ ಲೆಕ್ಕದ ತಂತ್ರಾಂಶಕ್ಕೆ, ಅಂದರೆ ಈಆರ್‌ಪಿಗೆ, ಇನ್ನೊಂದು ಲೈಸೆನ್ಸ್ ಕೊಳ್ಳಬೇಕಿತ್ತು, ಅದಕ್ಕೆ ಮಂಜೂರಾತಿ ಪಡೆಯುವಷ್ಟರಲ್ಲಿ ತಡವಾಗುತ್ತಿತ್ತು. ಸದ್ಯಕ್ಕೆ ಇರಲಿ ಎಂದು ಮೇಡಂ ಅವರ ಐಡಿಯನ್ನೇ ಹಾಕಿಸಿದೆ. ಆ ಸದ್ಯ ಮುಗಿಯಲೇ ಇಲ್ಲ.

ಮೂರನೆಯದು: ಬಾಟ್ ಓಡಲು ಶುರುವಾದ ಕೆಲವೇ ವಾರಗಳಲ್ಲಿ ಇಬ್ಬರು ಹುಡುಗರನ್ನು ಬೇರೆ ವಿಭಾಗಕ್ಕೂ ಮೇಡಂ ಅವರನ್ನು ಸ್ಥಿರಾಸ್ತಿ ಲೆಕ್ಕದ ವಿಭಾಗಕ್ಕೂ ಕಳಿಸಿದೆ. ಉಳಿತಾಯ ತೋರಿಸುವ ಅವಸರ ನನ್ನದಾಗಿತ್ತು.

ಆರಂಭದ ತಿಂಗಳುಗಳ ವರದಿ ಸೊಗಸಾಗಿತ್ತು. ಗಂಟೆಗೆ ಎಷ್ಟು ಬಿಲ್, ಉಳಿದ ಮಾನವ ಗಂಟೆಗಳೆಷ್ಟು, ಯಶಸ್ಸಿನ ಪ್ರಮಾಣ ಎಷ್ಟು ಎಂಬ ಮೂರು ನಕ್ಷೆಗಳನ್ನು ಆಡಳಿತ ಮಂಡಳಿಯ ಮುಂದಿಟ್ಟೆ. ಯಶಸ್ಸು ಎಂದರೆ ಬಾಟ್ ಕೆಡದೆ ಕೊನೆಯವರೆಗೆ ಓಡಿತು ಎಂದಷ್ಟೇ ಅರ್ಥ. ಸರಿಯಾದ ಬಿಲ್‌ಗೆ ಸರಿಯಾದ ಹೊತ್ತಿನಲ್ಲಿ ಸರಿಯಾದ ಹಣ ಹೋಯಿತೇ ಎನ್ನುವುದನ್ನು ಆ ನಕ್ಷೆಗಳಲ್ಲಿ ಯಾವುದೂ ಅಳೆಯುತ್ತಿರಲಿಲ್ಲ. ಮಂಡಳಿಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಕೇಳಬೇಕಾಗಿದ್ದವನು ನಾನು.

ಮೊದಲು ಪೆಟ್ಟು ತಿಂದವರು ನಮಗೆ ಜಾಬ್ ವರ್ಕ್ ಮಾಡಿಕೊಡುತ್ತಿದ್ದ ಸಣ್ಣ ಶೆಡ್‌ಗಳವರು. ಪೀಣ್ಯದ ಒಳರಸ್ತೆಗಳಲ್ಲಿ ಪ್ಲೇಟಿಂಗ್, ಪೌಡರ್ ಕೋಟಿಂಗ್, ಹೀಟ್ ಟ್ರೀಟ್‌ಮೆಂಟ್, ಲೇಥ್ ಕೆಲಸ ಮಾಡುವ ಇಂಥ ಶೆಡ್‌ಗಳು ಸಾಲಾಗಿ ಇವೆ. ನಾಲ್ಕಾರು ಜನ ಕೆಲಸಗಾರರು, ಬಾಡಿಗೆ ಜಾಗ, ವಾರದ ಬಟವಾಡೆ. ದೊಡ್ಡ ವೆಂಡರ್‌ಗಳಿಂದ ಬರುವುದು ಇ-ಇನ್‌ವಾಯ್ಸ್. ವರ್ಷಕ್ಕೆ 5 ಕೋಟಿ ರೂಪಾಯಿಗೂ ಹೆಚ್ಚಿನ ವಹಿವಾಟು ಇರುವವರಿಗೆ 2023ರ ಆಗಸ್ಟ್ 1ರಿಂದ ಅದು ಕಡ್ಡಾಯವಾಗಿತ್ತು. ಅಚ್ಚಾದ ಅಕ್ಷರ, ಒಂದೇ ಮಾದರಿ, ಮೂಲೆಯಲ್ಲಿ ಕ್ಯೂಆರ್ ಕೋಡ್. ಸಣ್ಣ ಶೆಡ್‌ಗಳಿಗೆ ಆ ಕಡ್ಡಾಯ ಇರಲಿಲ್ಲ. ಅವರು ಬಿಲ್ ಪುಸ್ತಕದಲ್ಲಿ ಕಾರ್ಬನ್ ಹಾಕಿ ಕೈಯಲ್ಲಿ ಬರೆದ ಹಾಳೆಯನ್ನು ಫೋನಿನಲ್ಲಿ ಫೋಟೊ ತೆಗೆದು ಕಳಿಸುತ್ತಿದ್ದರು. ಬಾಟ್‌ಗೆ ಅದನ್ನು ಓದಲಾಗುತ್ತಿರಲಿಲ್ಲ. ಆದೇಶದಂತೆ ಅದು ಆ ಬಿಲ್‌ಗಳನ್ನು ಫೋಲ್ಡರ್‌ಗೆ ಹಾಕಿ ಮುಂದಕ್ಕೆ ಹೋಗುತ್ತಿತ್ತು. ಹೀಗಾಗಿ, ಹಣ ತಡವಾದರೂ ತಡೆದುಕೊಳ್ಳಬಲ್ಲ ದೊಡ್ಡವರಿಗೆ ಬೇಗ ಹಣ ಸಿಕ್ಕಿತು; ಒಂದು ವಾರವೂ ತಡೆಯಲಾರದವರ ಬಿಲ್ ಯಾರೂ ತೆರೆಯದ ಫೋಲ್ಡರ್‌ನಲ್ಲಿ ಉಳಿಯಿತು.

ಅಕ್ಟೋಬರಿನಲ್ಲಿ ದಸರೆ. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಯಂತ್ರಗಳಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವುದಷ್ಟೇ ಅಲ್ಲ, ಕೆಲಸಗಾರರ ಕೈಗೆ ಬೋನಸ್ಸು, ಬಟ್ಟೆ, ಸಿಹಿ ಕೊಡುವ ದಿನ. ಅದಕ್ಕೆ ಸ್ವಲ್ಪ ಮೊದಲು ಪ್ಲೇಟಿಂಗ್ ಶೆಡ್‌ನ ಮಾಲೀಕರೊಬ್ಬರು ನೇರವಾಗಿ ನನಗೇ ಫೋನ್ ಮಾಡಿದರು. ನನ್ನ ನಂಬರ್ ಸಂಪಾದಿಸಲು ಅವರು ಎಷ್ಟು ಜನರನ್ನು ಕೇಳಿದ್ದರೋ. “ಸರ್, ಬಿಲ್ ಕೊಟ್ಟು ಎರಡು ತಿಂಗಳ ಮೇಲಾಯ್ತು. ಯಾರನ್ನ ಕೇಳಿದ್ರೂ ಸಿಸ್ಟಮ್‌ನಲ್ಲಿದೆ ಅಂತಾರೆ. ಮೊದ್ಲಾದ್ರೆ ಮೇಡಮ್ನೋರು ಇದ್ರು, ಒಂದು ಫೋನ್ ಮಾಡಿದ್ರೆ ಏನಾಗಿದೆ ಅಂತ ಹೇಳೋರು. ಈಗ ಯಾರ ಹತ್ರ ಮಾತಾಡ್ಬೇಕು ಅಂತನಾದ್ರೂ ಹೇಳಿ ಸರ್” ಎಂದರು.

ಅವರಿಗೆ ಹೇಳಲು ನನ್ನ ಬಳಿ ಯಾರ ಹೆಸರೂ ಇರಲಿಲ್ಲ. ಫೋನಿಟ್ಟು ಆ ಫೋಲ್ಡರ್ ತೆರೆದು ನೋಡಿದೆ. ಅವರಂಥ ಹತ್ತಾರು ಜನರ ಬಿಲ್‌ಗಳು ಅಲ್ಲಿದ್ದವು. ಕೆಲವಕ್ಕೆ ತಿಂಗಳುಗಳೇ ಆಗಿದ್ದವು.

ಆಗ ನಾನು ನಿಂತು ಯೋಚಿಸಬೇಕಿತ್ತು. ಬದಲಿಗೆ ಗಾಬರಿಯಿಂದ ಇನ್ನೊಂದು ಆದೇಶ ಕೊಟ್ಟೆ. ಬೇರೆ ವಿಭಾಗದಿಂದ ಮೂರು ಜನರನ್ನು ತಾತ್ಕಾಲಿಕವಾಗಿ ಕರೆಸಿ, ಹಬ್ಬದೊಳಗೆ ಫೋಲ್ಡರ್ ಖಾಲಿಯಾಗಬೇಕು ಎಂದೆ. ಜಿಆರ್‌ಎನ್ ಸಿಗದ ಬಿಲ್‌ಗಳಿದ್ದರೆ ಸ್ಟೋರ್ಸ್‌ನವರು ಎಂಟ್ರಿ ಮರೆತಿರಬೇಕು, ನನ್ನ ಅನುಮೋದನೆಯ ಮೇಲೆ ಹಾಕಿಬಿಡಿ ಎಂದೂ ಹೇಳಿದೆ. ಸಣ್ಣವರ ಹಣ ಹಬ್ಬಕ್ಕೆ ಮುಂಚೆ ಒಂದಿಷ್ಟು ಹೋಯಿತು, ಉಳಿದವರದು ಹಬ್ಬ ಕಳೆದ ಮೇಲೆ. ಅದೇ ಫೋಲ್ಡರ್‌ನಲ್ಲಿ ದೊಡ್ಡ ವೆಂಡರ್‌ಗಳ ಕೆಲವು ಬಿಲ್‌ಗಳೂ ಇದ್ದವು. ಅವೂ ಪಾವತಿಯಾದವು. ಅವು ಅಲ್ಲಿಗೆ ಯಾಕೆ ಬಂದಿವೆ ಎಂದು ಯಾರೂ ನೋಡಲಿಲ್ಲ.

ಅವು ಬಂದ ಕಾರಣ ಹೀಗಿತ್ತು. ದೊಡ್ಡ ವೆಂಡರ್‌ಗಳು ನಮಗೆ ಒಂದೇ ಬಿಡಿಭಾಗವನ್ನು, ಒಂದೇ ದರದಲ್ಲಿ, ಪ್ರತಿ ಲೋಡಿಗೂ ಒಂದೇ ಸಂಖ್ಯೆಯಲ್ಲಿ, ವಾರಕ್ಕೆ ಹಲವು ಬಾರಿ ಕಳಿಸುತ್ತಿದ್ದರು. ಬಿಲ್ ಎರಡು ದಾರಿಯಲ್ಲಿ ಬರುತ್ತಿತ್ತು: ಇಮೇಲ್‌ನಲ್ಲಿ ಒಂದು, ಲಾರಿಯ ಜೊತೆ ಇನ್ನೊಂದು ಪ್ರತಿ. ಲಾರಿಯ ಪ್ರತಿಯನ್ನು ಗೇಟಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದರು. ಸೀಲು ಬಿದ್ದು ಮಸುಕಾದ ಆ ಪ್ರತಿಯಲ್ಲಿ ಬಾಟ್ ಸೊನ್ನೆಯನ್ನು ಇಂಗ್ಲಿಷಿನ ‘ಓ’ ಎಂದೋ, ಒಂದನ್ನು ‘ಐ’ ಎಂದೋ ಓದಿಬಿಡುತ್ತಿತ್ತು. ಒಂದೇ ಬಿಲ್ ಎರಡು ಬಾರಿ ಎಂಟ್ರಿಯಾಗದಂತೆ ಈಆರ್‌ಪಿ ತಡೆಯುತ್ತದೆ, ಆದರೆ ಬಿಲ್ ನಂಬರ್‌ನಲ್ಲಿ ಒಂದು ಅಕ್ಷರ ಬದಲಾದರೂ ಅದರ ಕಣ್ಣಿಗೆ ಅದು ಹೊಸ ಬಿಲ್. ಬಾಟ್ ಆ ಪ್ರತಿಗೆ ಹೊಂದುವ ಜಿಆರ್‌ಎನ್ ಹುಡುಕುತ್ತಿತ್ತು. ಮುಂದಿನ ಲೋಡಿನದೂ ಅದೇ ಮಾಲು, ಅದೇ ದರ, ಅದೇ ಸಂಖ್ಯೆ. ಅದಕ್ಕೇ ತಾಳೆ ಹಾಕುತ್ತಿತ್ತು. ಆಮೇಲೆ ಮುಂದಿನ ಲೋಡಿನ ನಿಜವಾದ ಬಿಲ್ ಬಂದಾಗ ಜಿಆರ್‌ಎನ್ ಖಾಲಿಯಾಗಿರುತ್ತಿತ್ತು, ಆ ಬಿಲ್ ಫೋಲ್ಡರ್‌ಗೆ ಬೀಳುತ್ತಿತ್ತು. ಅಲ್ಲಿಯವರೆಗೆ ಕಂಪನಿ ಹೆಚ್ಚು ಹಣ ಕೊಟ್ಟಿರಲಿಲ್ಲ. ಸ್ಟೋರ್ಸ್ ಮರೆತಿದೆ ಎಂದು ನಾನು ಅನುಮೋದಿಸಿದಾಗ ಎರಡನೆಯ ಪಾವತಿ ಹೊರಟಿತು. ಬಾಟ್‌ನ ತಪ್ಪನ್ನು ನಷ್ಟವಾಗಿಸಿದ್ದು ನನ್ನ ಸಹಿ.

ಎಚ್ಚರಿಕೆ ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. ವೆಂಡರ್‌ಗಳು ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಲ್ಲಿಸಿದ ಬಿಲ್‌ಗಳ ವಿವರ ಜಿಎಸ್‌ಟಿಆರ್-2ಬಿ ಎಂಬ ಹೇಳಿಕೆಯಾಗಿ ಪ್ರತಿ ತಿಂಗಳ 14ರಂದು ನಮಗೆ ಸಿಗುತ್ತದೆ. ಅದರಲ್ಲಿ ಕಾಣದ ಬಿಲ್‌ಗೆ 2022ರ ಜನವರಿಯಿಂದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯ ವಜಾ, ಪಡೆಯುವಂತಿಲ್ಲ. ತಪ್ಪಾಗಿ ಓದಿದ ನಂಬರ್‌ಗಳು ಅಲ್ಲಿ ಸಿಗುವುದಾದರೂ ಹೇಗೆ? ಪ್ರತಿ ತಿಂಗಳೂ ತಾಳೆಯಾಗದವುಗಳ ಪಟ್ಟಿ ಉದ್ದವಾಗುತ್ತ ಹೋಯಿತು. ವೆಂಡರ್‌ಗಳು ರಿಟರ್ನ್ ತಡವಾಗಿ ಸಲ್ಲಿಸುತ್ತಿದ್ದಾರೆ, ಮುಂದಿನ ತಿಂಗಳು ಸರಿಹೋಗುತ್ತದೆ ಎಂದು ನಾವು ಅದನ್ನು ಬದಿಗಿಟ್ಟೆವು. ಬಾಟ್ ತಪ್ಪಾಗಿ ಓದಿರಬಹುದು ಎಂಬ ಅನುಮಾನ ನನಗೆ ಬರಲಿಲ್ಲ. ಯಂತ್ರ ಬರೆದ ಅಂಕಿಯನ್ನು ಮನುಷ್ಯ ಬರೆದ ಅಂಕಿಗಿಂತ ಹೆಚ್ಚು ನಂಬುವ ಅಭ್ಯಾಸ ಅಷ್ಟರಲ್ಲಿ ನನಗೆ ಅಂಟಿಬಿಟ್ಟಿತ್ತು.

ವರ್ಷಾಂತ್ಯದಲ್ಲಿ ವೆಂಡರ್‌ಗಳ ಲೆಕ್ಕದೊಂದಿಗೆ ನಮ್ಮ ಲೆಕ್ಕ ತಾಳೆ ನೋಡುವಾಗ ಎಲ್ಲವೂ ಹೊರಬಂತು. ಎರಡು ಬಾರಿ ಹೋದ ಹಣ ಹಲವು ಲಕ್ಷ. ಬಹುಪಾಲು ಮುಂದಿನ ಬಿಲ್‌ಗಳಲ್ಲಿ ವಜಾ ಆಯಿತು, ಒಂದಿಷ್ಟಕ್ಕೆ ತಕರಾರು ಬಂತು. ಸಣ್ಣ ಉದ್ಯಮಗಳ ಬಾಕಿ ಇನ್ನೊಂದು ಪೆಟ್ಟು ಕೊಟ್ಟಿತು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿಲ್ಲದಿದ್ದರೆ 15 ದಿನ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಕಲಮು 2023-24ರ ಲೆಕ್ಕದಿಂದಲೇ ಜಾರಿಯಾಗಿತ್ತು. ಅದರಂತೆ, ಗಡುವು ಮೀರಿಯೂ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿರಲಿಲ್ಲ. ಹಬ್ಬದ ನಂತರ ಫೋಲ್ಡರ್ ಮತ್ತೆ ತುಂಬಿಕೊಂಡಿದ್ದರಿಂದ ಆ ಹೊರೆಯೂ ಕಂಪನಿಯ ಮೇಲೆ ಬಿತ್ತು.

ಈ ಎಲ್ಲ ನಷ್ಟಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ವಿಚಾರಣೆಯ ದಿನ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಎಂಟ್ರಿಯ, ಪ್ರತಿ ತಿದ್ದುಪಡಿಯ ಜಾಡು ಅಳಿಸಲಾಗದಂತೆ ದಾಖಲಾಗಬೇಕೆಂಬ ನಿಯಮ ಬಂದಿದೆ. ನಮ್ಮಲ್ಲೂ ದಾಖಲಾಗಿತ್ತು. ಎರಡು ಬಾರಿ ಎಂಟ್ರಿಯಾದ ಬಿಲ್‌ಗಳ ಎದುರಿಗೆಲ್ಲ ಇದ್ದದ್ದು ಮೇಡಂ ಅವರ ಐಡಿ. ರಾತ್ರಿ ಎರಡು ಗಂಟೆಗೆ, ಭಾನುವಾರ ಮಧ್ಯಾಹ್ನ, ಅವರು ರಜೆಯಲ್ಲಿದ್ದ ದಿನಗಳಲ್ಲಿ ಕೂಡ. ಆಂತರಿಕ ಲೆಕ್ಕ ಪರಿಶೋಧಕರು ಅವರನ್ನೇ ಕರೆದು ಕೇಳಿದರು. ತಮ್ಮ ಹೆಸರಿನಲ್ಲಿ ತಾವು ಮಾಡದ ನೂರಾರು ಎಂಟ್ರಿಗಳ ಪಟ್ಟಿಯನ್ನು ಅವರು ಮೊದಲ ಬಾರಿಗೆ ನೋಡಿದ್ದು ಆ ಕೋಣೆಯಲ್ಲಿ.

ನಾನೂ ಅಲ್ಲಿದ್ದೆ. ಅದು ಬಾಟ್ ಮಾಡಿದ ಎಂಟ್ರಿ, ಆ ಐಡಿ ಹಾಕಿಸಿದವನು ನಾನು ಎಂದು ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಮೂರ್ನಾಲ್ಕು ಪ್ರಶ್ನೆಗಳಿಗೆ ಉತ್ತರಿಸುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದೆ, ಲಿಖಿತವಾಗಿಯೂ ಕೊಟ್ಟೆ, ಅವರ ಮೇಲೆ ಯಾವ ಟಿಪ್ಪಣಿಯೂ ಉಳಿಯಲಿಲ್ಲ. ಆದರೂ ಆ ಮೌನ ನನ್ನದೇ. ತಂತ್ರಜ್ಞಾನದ ಯಾವ ಮಾತಿನ ಹಿಂದೆಯೂ ಅದನ್ನು ಮುಚ್ಚಿಡಲಾರೆ.

ಕೆಲವು ದಿನ ಬಿಟ್ಟು ಅವರ ಬಳಿ ಹೋಗಿ ಕ್ಷಮೆ ಕೇಳಿದೆ. ಬಾಟ್ ನಿಲ್ಲಿಸಿಬಿಡುತ್ತೇನೆ ಎಂದೆ. ಅವರು ಬೇಡವೆಂದರು. ತಿಂಗಳ ಕೊನೆಯ ಆ ರಾತ್ರಿಗಳು ಅವರಿಗೂ ಸಾಕಾಗಿದ್ದವು. “ನೀವು ಹೇಗೆ ಮಾಡ್ತೀರ ಅಂತ ಕೇಳಿದ್ರಿ, ತೋರಿಸ್ದೆ. ಯಾವ ಬಿಲ್ ಬಂದ್ರೆ ಕೈ ತಡೀತೀರ ಅಂತ ಕೇಳ್ಲಿಲ್ಲ ಸರ್. ಕೇಳಿದ್ರೆ ಹೇಳ್ತಿದ್ದೆ” ಎಂದರು.

ಈ ಬಾರಿ ಕೇಳಿದೆ. ಬಿಡುವಾದಾಗಲೆಲ್ಲ ಅವರ ಪಕ್ಕ ಕೂತು ಹಳೆಯ ಬಿಲ್‌ಗಳ ಕಟ್ಟು ಬಿಚ್ಚಿಸಿದೆ. ಕೈಪಿಡಿಯಲ್ಲಿ ಒಂದಕ್ಷರವೂ ಇಲ್ಲದ ಎಷ್ಟೋ ಸಂಗತಿಗಳು ಹೊರಬಂದವು. ಅವರು ಬಿಲ್‌ಗೂ ಜಿಆರ್‌ಎನ್‌ಗೂ ತಾಳೆ ಹಾಕುತ್ತಿದ್ದದ್ದು ಸಂಖ್ಯೆ ನೋಡಿ ಅಲ್ಲ, ಡೆಲಿವರಿ ಚಲನ್ ನಂಬರ್, ಗೇಟ್ ಎಂಟ್ರಿ ನಂಬರ್, ಕೆಲವೊಮ್ಮೆ ಲಾರಿ ನಂಬರ್ ಕೂಡ ನೋಡಿ. ಗೇಟಿನ ಸೀಲಿರುವ ಪ್ರತಿ ಬಂದರೆ ಇಮೇಲ್ ಪ್ರತಿ ಆಗಲೇ ಬಂದಿದೆಯೇ ಎಂದು ಹುಡುಕುತ್ತಿದ್ದರು. ಪ್ಲೇಟಿಂಗ್ ಶೆಡ್‌ನವರು ಬಿಲ್‌ನಲ್ಲಿ ಕಳಿಸಿದಷ್ಟೂ ಪೀಸ್ ಬರೆದಿರುತ್ತಾರೆ, ರಿಜೆಕ್ಟ್ ಆದವನ್ನು ಕಳೆದಿರುವುದಿಲ್ಲ. ಹಾಗಾಗಿ ಸ್ಟೋರ್ಸ್‌ಗೆ ಫೋನ್ ಮಾಡಿ ಕೇಳಿ ಡೆಬಿಟ್ ನೋಟ್ ಸಿದ್ಧಮಾಡಿ ಆಮೇಲೆ ಎಂಟ್ರಿ ಹಾಕುತ್ತಿದ್ದರು. ಒಬ್ಬ ವೆಂಡರ್ ದರ ಪರಿಷ್ಕರಣೆಯಾದ ತಿಂಗಳು ಮೊದಲು ಹಳೆಯ ದರದ ಬಿಲ್ ಕಳಿಸಿ ವಾರದ ನಂತರ ಅದೇ ನಂಬರಿನಲ್ಲಿ ಸರಿಪಡಿಸಿದ ಬಿಲ್ ಕಳಿಸುವ ರೂಢಿಯವನು. ಅವನ ಬಿಲ್‌ಗಳನ್ನು ಆ ತಿಂಗಳು ಬೇಕೆಂದೇ ತಡೆದಿಡುತ್ತಿದ್ದರು. ಅವರ ಕೆಲಸದ ಮೌಲ್ಯವಿದ್ದದ್ದು ಅವರು ಬೆರಳಾಡಿಸುತ್ತಿದ್ದ ವೇಗದಲ್ಲಲ್ಲ, ಬೆರಳು ತಡೆಯುತ್ತಿದ್ದ ಜಾಗಗಳಲ್ಲಿ. ನಾನು ರೆಕಾರ್ಡ್ ಮಾಡಿಕೊಂಡದ್ದು ಬೆರಳಾಟವನ್ನು ಮಾತ್ರ.

ಆಮೇಲೆ ಓದಿದಾಗ ತಿಳಿಯಿತು, ಇದನ್ನು ಬಲ್ಲವರು ಬಹಳ ಹಿಂದೆಯೇ ಹೇಳಿದ್ದರು. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ಹೆಗ್ಗಳಿಕೆ ಬರೀ ವೇಗವಲ್ಲ. ಒಂದು ಎಳೆ ಹರಿದರೂ ಅದು ತಾನೇ ನಿಲ್ಲುತ್ತಿತ್ತು. ನಿಲ್ಲುವುದರಿಂದಲೇ ಒಬ್ಬ ಕೆಲಸಗಾರ ಹಲವಾರು ಮಗ್ಗಗಳನ್ನು ನೋಡಿಕೊಳ್ಳಬಹುದಾಗಿತ್ತು. ಪ್ರತಿ ಮಗ್ಗದ ಮುಂದೆ ಕಾವಲು ಕೂರಬೇಕಾಗಿರಲಿಲ್ಲ, ಹರಿದ ಎಳೆಯಿಂದ ಕೆಟ್ಟ ಬಟ್ಟೆಯೂ ಬರುತ್ತಿರಲಿಲ್ಲ. ತೊಂದರೆ ಕಂಡರೆ ಕೆಲಸ ನಿಲ್ಲಿಸು ಎಂಬ ಆ ತತ್ವವೇ ಮುಂದೆ ಟೊಯೊಟಾ ಕಾರು ತಯಾರಿಕೆಯ ಆಧಾರಗಳಲ್ಲಿ ಒಂದಾಯಿತು. ನಮ್ಮ ಬಿಡದಿಯಲ್ಲಿರುವ ಟೊಯೊಟಾ ಕಾರ್ಖಾನೆಗೂ ಅದೇ ಪದ್ಧತಿಯ ಬುನಾದಿ. ಪೀಣ್ಯದಿಂದ ಬಿಡದಿ ಎಷ್ಟು ದೂರ? ನಾನು ಬಾಟ್‌ಗೆ ಬರೆಸಿದ ‘ದೋಷ ಬಂದರೆ ಮುಂದಕ್ಕೆ ಹೋಗು’ ಎಂಬ ಸಾಲು ಆ ತತ್ವಕ್ಕೆ ನೇರ ವಿರುದ್ಧವಾಗಿತ್ತು.

ಬ್ರಿಟಿಷ್ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಡ್ಜ್ 1983ರ ಒಂದು ಪ್ರಬಂಧದಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಿದ್ದರು. ಸ್ವಯಂಚಾಲನೆ ಸುಲಭದ ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಯಂತ್ರಕ್ಕೆ ಸಾಧ್ಯವಾಗದ ಕಷ್ಟದ ಭಾಗವನ್ನೆಲ್ಲ ಮನುಷ್ಯನಿಗೆ ಬಿಡುತ್ತದೆ. ಅದೇ ಹೊತ್ತಿಗೆ ನಿತ್ಯದ ಅಭ್ಯಾಸ ತಪ್ಪಿಸಿ ಅವನ ಕೌಶಲವನ್ನೂ ಕುಂದಿಸುತ್ತದೆ ಎನ್ನುವುದು ಅದರ ಸಾರ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಮನುಷ್ಯರನ್ನೇ ಅಲ್ಲಿಂದ ಎಬ್ಬಿಸಿಬಿಟ್ಟಿದ್ದೆ. ಅಮೆರಿಕದ ನಿರ್ವಹಣಾ ತಜ್ಞ ಮೈಕೆಲ್ ಹ್ಯಾಮರ್ 1990ರಲ್ಲೇ ಬರೆದಿದ್ದರು: ಬೇಡದ ಕೆಲಸವನ್ನು ಯಂತ್ರದಿಂದ ಮಾಡಿಸುವ ಮೊದಲು ಆ ಕೆಲಸವನ್ನೇ ತೆಗೆದುಹಾಕಿ ಎಂದು. ನಮ್ಮ ಬಾಟ್ ಪ್ರತಿ ಸಂಜೆ ಎಲ್ಲ ಬಿಲ್‌ಗಳ ಒಂದು ಎಕ್ಸೆಲ್ ಪಟ್ಟಿ ತಯಾರಿಸಿ ಒಂದು ವಿಳಾಸಕ್ಕೆ ಕಳಿಸುತ್ತಿತ್ತು. ಅದನ್ನು ಕೇಳಿದ್ದ ಅಧಿಕಾರಿ ಕಂಪನಿ ಬಿಟ್ಟು ವರ್ಷಗಳೇ ಆಗಿದ್ದವು.

ಬಾಟನ್ನು ನಾವು ಬಿಸಾಡಲಿಲ್ಲ, ಮತ್ತೆ ಕಟ್ಟಿದೆವು. ಮೊದಲು ಕೆಲಸವನ್ನೇ ಕಡಿಮೆ ಮಾಡಿದೆವು: ಯಾರೂ ನೋಡದ ಪಟ್ಟಿ ಹೋಯಿತು, ಒಂದೇ ಬಿಲ್‌ಗೆ ಬೀಳುತ್ತಿದ್ದ ಹೆಚ್ಚುವರಿ ಸಹಿಗಳು ಹೋದವು, ಗೇಟಿನಲ್ಲಿ ಬಿಲ್ ಪ್ರತಿಯನ್ನು ಸ್ಕ್ಯಾನ್ ಮಾಡುವುದೇ ನಿಂತಿತು. ಇ-ಇನ್‌ವಾಯ್ಸ್‌ನ ಕ್ಯೂಆರ್ ಕೋಡಿನಲ್ಲಿ ಮಾರಿದವರ ಮತ್ತು ಕೊಂಡವರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ದಿನಾಂಕ, ಮೊತ್ತ, 64 ಅಕ್ಷರಗಳ ಉಲ್ಲೇಖ ಸಂಖ್ಯೆ (ಐಆರ್‌ಎನ್) ಎಲ್ಲವೂ ಸಹಿ ಸಮೇತ ಇರುತ್ತವೆ. ಯಂತ್ರಕ್ಕೆಂದೇ ಬರೆದ ಅಕ್ಷರ ಪಕ್ಕದಲ್ಲೇ ಇದ್ದರೂ ನಾವು ಚಿತ್ರದಿಂದ ಅಕ್ಷರ ಊಹಿಸಲು ಯಂತ್ರವನ್ನು ದುಡಿಸಿದ್ದೆವು. ಈಗ ಬಾಟ್ ಕ್ಯೂಆರ್ ಕೋಡನ್ನೇ ಓದುತ್ತದೆ. ಸೊನ್ನೆ ‘ಓ’ ಆಗುವ ಪ್ರಶ್ನೆಯೇ ಇಲ್ಲ.

ತಾಳೆ ಹಾಕುವುದು ಮೇಡಂ ಹೇಳಿದಂತೆ ಡೆಲಿವರಿ ಚಲನ್ ಮತ್ತು ಗೇಟ್ ಎಂಟ್ರಿಯ ಮೇಲೆ. ಒಂದು ಬಿಲ್‌ಗೆ ಎರಡು ಜಿಆರ್‌ಎನ್ ಹೊಂದುವಂತೆ ಕಂಡರೆ ಬಾಟ್ ಆರಿಸುವುದಿಲ್ಲ, ನಿಲ್ಲುತ್ತದೆ. ನಿಂತ ಪ್ರತಿ ಬಿಲ್ ಒಬ್ಬ ವ್ಯಕ್ತಿಯ ಹೆಸರಿಗೆ ಹೋಗುತ್ತದೆ, ಯಾಕೆ ನಿಂತಿತೆಂಬ ಕಾರಣ ಒಂದು ಸಾಲಿನಲ್ಲಿ ಬರುತ್ತದೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಬಿಲ್ ಗಡುವಿನ ದಿನದೊಂದಿಗೆ ಪಟ್ಟಿಯ ತಲೆಯಲ್ಲಿ ಇರುತ್ತದೆ. ಕೈಬರಹದ ಬಿಲ್‌ಗಳನ್ನು ಬಾಟ್‌ಗೆ ಕೊಡುವುದೇ ಇಲ್ಲ. ಅವನ್ನು ಜನವೇ ನೋಡುತ್ತಾರೆ, ಬಾಟ್ ಉಳಿಸಿದ ಸಮಯ ಅದಕ್ಕೆ ಹೋಗುತ್ತದೆ. ನನ್ನ ಪ್ರಕಾರ ಸ್ವಯಂಚಾಲನೆಯ ಉಳಿತಾಯವನ್ನು ಖರ್ಚು ಮಾಡಬೇಕಾದ ಮೊದಲ ಜಾಗ ಇದು: ಯಂತ್ರಕ್ಕೆ ಅರ್ಥವಾಗದವರ ಕೆಲಸ.

ಬಾಟ್‌ಗೆ ಈಗ ತನ್ನದೇ ಐಡಿ ಇದೆ. ಅದು ಎಂಟ್ರಿ ಸಿದ್ಧಪಡಿಸಬಹುದು, ಪಾವತಿಗೆ ಒಪ್ಪಿಗೆ ಕೊಡುವಂತಿಲ್ಲ, ಒಪ್ಪಿಗೆ ಮನುಷ್ಯರದು. ಪ್ರತಿ ಸಂಜೆ ಒಂದು ಲೆಕ್ಕ ಕೂಡಬೇಕು: ಆ ದಿನ ಬಂದ ಬಿಲ್‌ಗಳ ಒಟ್ಟು, ಎಂಟ್ರಿಯಾದವು ಮತ್ತು ನಿಂತವುಗಳ ಮೊತ್ತಕ್ಕೆ ಸಮವಾಗಬೇಕು. ಒಂದು ಕಡಿಮೆಯಾದರೂ ಮರುದಿನ ಬಾಟ್ ಶುರುವಾಗುವುದಿಲ್ಲ. ಮಂಡಳಿಗೆ ಹೋಗುವ ವರದಿಯಲ್ಲಿ ಗಂಟೆಗೆಷ್ಟು ಬಿಲ್ ಎಂಬ ನಕ್ಷೆ ತೆಗೆದುಹಾಕಿದೆ. ಅದರ ಜಾಗದಲ್ಲಿ, ನಿಂತಿರುವ ಬಿಲ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಎಷ್ಟು ದಿನದ್ದು, ಯಾರದ್ದು ಎಂಬ ಒಂದು ಸಾಲು ಇದೆ. ಆ ಸಾಲು ನಮ್ಮ ಯೋಜನೆಯ ಆರೋಗ್ಯವನ್ನು ಯಾವ ನಕ್ಷೆಗಿಂತಲೂ ನಿಖರವಾಗಿ ಹೇಳುತ್ತದೆ.

ಇಂಥ ಯೋಜನೆಗೆ ಹೊರಟವರು ಈಗ ನನ್ನನ್ನು ಕೇಳಿದರೆ, ನಾನು ಸಾಧನಗಳ ಹೆಸರು ಹೇಳುವುದಿಲ್ಲ. ನಿಯಮ ಸ್ಪಷ್ಟವಿರುವ, ಬರುವ ಮಾಹಿತಿ ಆಗಲೇ ಡಿಜಿಟಲ್ ಆಗಿರುವ, ದಿನವೂ ದೊಡ್ಡ ಪ್ರಮಾಣದಲ್ಲಿ ನಡೆಯುವ, ಪರದೆಗಳು ಪದೇ ಪದೇ ಬದಲಾಗದ ಕೆಲಸವನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಎರಡು ತಂತ್ರಾಂಶಗಳು ನೇರವಾಗಿ ಮಾತಾಡಿಕೊಳ್ಳಲು ಎಪಿಐ ಇದ್ದರೆ ಪರದೆಯ ಮೇಲೆ ಬಾಟ್ ಓಡಿಸಬೇಡಿ. ಬಟನ್ ಒಂದಿಂಚು ಸರಿದರೂ, ಪಾಸ್‌ವರ್ಡ್‌ನ ಅವಧಿ ಮುಗಿದರೂ ಬಾಟ್ ದಾರಿ ತಪ್ಪುತ್ತದೆ. ಆ ಕೆಲಸ ಮಾಡುತ್ತಿರುವವರ ಪಕ್ಕ ತಿಂಗಳ ಮೊದಲ ವಾರವೂ ಕೂರಿ, ಕೊನೆಯ ವಾರವೂ ಕೂರಿ. ಚೊಕ್ಕಟ ಬಿಲ್‌ಗಳನ್ನಲ್ಲ, ಅವರು ಪಕ್ಕಕ್ಕೆ ಎತ್ತಿಟ್ಟ ಬಿಲ್‌ಗಳನ್ನು ತೋರಿಸಲು ಕೇಳಿ. ಎಲ್ಲಿ ಕೈ ತಡೆಯುತ್ತೀರಿ, ಯಾರಿಗೆ ಫೋನ್ ಮಾಡುತ್ತೀರಿ, ಯಾವುದನ್ನು ನಾಳೆಗಿಡುತ್ತೀರಿ ಎಂದು ಕೇಳಿ ಬರೆದುಕೊಳ್ಳಿ. ಬಾಟ್‌ನ ವಿನ್ಯಾಸ ಶುರುವಾಗಬೇಕಾದದ್ದು ಆ ಪಟ್ಟಿಯಿಂದ.

ಅವರನ್ನು ಆ ಕುರ್ಚಿಯಿಂದ ಎಬ್ಬಿಸಲೂ ಬೇಡಿ. ನಿಲ್ಲುವ ಬಾಟ್ ಬೇಕೆಂದರೆ ಅದು ನಿಂತಾಗ ಎದ್ದು ಬರುವ, ಆ ಕೆಲಸ ಬಲ್ಲ ಮನುಷ್ಯ ಬೇಕು. ಅವರ ಸಂಬಳ ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಲೈಸೆನ್ಸ್ ಶುಲ್ಕಕ್ಕಿಂತ ಮೇಲಿನ ಸಾಲಿನಲ್ಲಿ ಇರಬೇಕು. ಆ ಸಂಬಳ ಸೇರಿಸಿದ ಮೇಲೆ ಲಾಭ ಉಳಿಯದಿದ್ದರೆ ಆ ಕೆಲಸ ಬಾಟ್‌ಗೆ ಕೊಡುವಂಥದ್ದಲ್ಲ ಎಂದೇ ಅರ್ಥ. ಹಾಗೆ ಲೆಕ್ಕ ಹಾಕಿದ ಮೇಲೆ ನಾನು ಎರಡು ಯೋಜನೆಗಳನ್ನು ಕೈಬಿಟ್ಟಿದ್ದೇನೆ. ಕೈಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.